ಎರಡನೇ ಸಾಕ್ಷಿ

ಅರಕಲಗೂಡಿಗೆ ಫೋನು ಮಾಡಿದವಳು ಅಮ್ಮ. ಮಾಡಿ ಮುಗಿಸಿದ ಮೇಲೆ ಸ್ನೇಹಲತಾಗೆ ಹೇಳಿದಳು, ಅದೂ ಆಸ್ಪತ್ರೆಯ ನಲ್ಲಿಯ ಕೆಳಗೆ ಫ್ಲಾಸ್ಕ್ ತೊಳೆಯುತ್ತಾ, ಬೆನ್ನು ಹಾಕಿಕೊಂಡು.

"ಗಂಡನ ಮನೆಯೋರ್ಗೆ ಒಂದ್ ಮಾತು ತಿಳಿಸ್ಬೇಕಲ್ವೇನೇ. ನಾಳೆ ಆಪರೇಸನ್ನಲ್ಲಿ ಅಕ್ಕಂಗೆ ಏನಾರಾ ಎಚ್ಚುಕಮ್ಮಿ ಆದ್ರೆ ಮೊದಲ್ನೇ ಹಿಡಿ ಮಣ್ಣು ಹಾಕೋರು ಅವ್ರೇ. ನಮ್ಗ್ಯಾಕೆ ಹೇಳ್ಲಿಲ್ಲ ಅಂತ ಬಂದು ನಿಂತ್ಕಂಡ್ರೆ ಯಾವ ಮೊಕ ಇಟ್ಕಂಡು ಮಾತಾಡಾದು?"

"ಏನಂದ್ರು?"

"ಅಕ್ಕನ ಮೈದುನ ಲಕ್ಕಣ್ಣ ಇದಾನಲ್ಲ, ಅವ್ನ ಮಗ ನಟರಾಜ್ ಅಂತೆ, ಅವ್ನು ಫೋನ್ ತಗಂಡ. ಇವತ್ತೇ ಬತ್ತೀನಿ ಅಂದ. ಪಾಪ, ಎಷ್ಟು ಚೆನ್ನಾಗಿ ಮಾತಾಡ್ದ ಗೊತ್ತಾ."

ನಲವತ್ತು ವರ್ಷ ಬಾಗಿಲಿಗೆ ಬಂದು ಇದ್ದೀಯಾ ಸತ್ತೆಯಾ ಎಂದು ಕೇಳದವರು ಒಂದೇ ಫೋನಿಗೆ ಇವತ್ತೇ ಬರುತ್ತೇವೆ ಎಂದರೆ ಅದು ಯಾಕೆಂದು ಸ್ನೇಹಲತಾಗೆ ಗೊತ್ತಿತ್ತು. ಅಮ್ಮನಿಗೆ ಗೊತ್ತಿರಲಿಲ್ಲ. ದೊಡ್ಡಮ್ಮನಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಸಬೇಕಾಗಿದ್ದವಳು ಎರಡು ತಿಂಗಳಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು.

ದೊಡ್ಡಮ್ಮ ವಿಜಯಮ್ಮ ಮದುವೆಯಾಗಿ ಮಲ್ಲಿಪಟ್ಟಣದ ಕಡೆಯ ಒಂದು ಹಳ್ಳಿಗೆ ಹೋದಾಗ ಇನ್ನೂ ಹುಡುಗಿ. ವರ್ಷ ತುಂಬುವುದರೊಳಗೆ ಗಂಡ ಟ್ರ್ಯಾಕ್ಟರ್ ಮಗುಚಿ ಸತ್ತ. ಹೊಟ್ಟೆಯಲ್ಲಿ ಕೂಸಿರಲಿಲ್ಲ. ತಿಥಿ ಕಳೆದದ್ದೇ ಮೈದುನ ಲಕ್ಕಣ್ಣ ಅವಳ ಟ್ರಂಕು ಹೊತ್ತು ತಂದು ಬಸ್ಸು ಹತ್ತಿಸಿದ. ಅತ್ತೆಮನೆಯ ಕತೆ ಅಲ್ಲಿಗೆ ಮುಗಿಯಿತು. ಆಮೇಲೆ ಚನ್ನರಾಯಪಟ್ಟಣದಲ್ಲಿ ಅಂಗನವಾಡಿ ಕೆಲಸ ಸಿಕ್ಕಿತು. ಊರವರ ಮಕ್ಕಳ ಮೂಗು ಒರೆಸುತ್ತಾ, ಸಂಜೆ ಹೊತ್ತು ರವಿಕೆ ಹೊಲಿಯುತ್ತಾ, ಊರಾಚೆ ಒಂದು ಸೈಟು ಹಿಡಿದು, ಎರಡು ಕೋಣೆ, ಒಂದು ಅಡುಗೆಮನೆ ಎಬ್ಬಿಸಿದಳು. ಊರು ಬೆಳೆದು ಬಂದು ಆ ಮನೆಯನ್ನು ಸೇರಿತು. ತಂಗಿ ನೇತ್ರಾವತಿ ಗಂಡನನ್ನು ಕಳೆದುಕೊಂಡು, ಮೂಗುಬ್ಬಸದ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಾಗ ಒಳಗಿನ ಕೋಣೆ ಬಿಟ್ಟುಕೊಟ್ಟು ತಾನು ನಡುಮನೆಗೆ ಚಾಪೆ ತಂದುಕೊಂಡಳು. ಆ ಮೂಗುಬ್ಬಸದ ಮಗಳೇ ಈಗ ಬಿ.ಕಾಂ. ಮುಗಿಸಿ ಪಟ್ಟಣದ ವಕೀಲ ಚನ್ನಬಸವಯ್ಯನವರ ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಿದ್ದ ಸ್ನೇಹಲತಾ.

ಅಲ್ಲೇ, ಎರಡು ತಿಂಗಳ ಹಿಂದೆ, ಹೊಳೆನರಸೀಪುರದ ಒಂದು ಕೇಸು ಟೈಪಿಸಲು ಬಂದಿತ್ತು. ಬಳೆ ಅಂಗಡಿ ಇಟ್ಟು ಮನೆ ಕಟ್ಟಿಸಿದ ವಿಧವೆ. ಸಾಕಿದ್ದು ಅಣ್ಣನ ಮಕ್ಕಳನ್ನು. ಸತ್ತ ಮೇಲೆ ಮನೆ ಮಾತ್ರ ಗಂಡನ ತಮ್ಮಂದಿರಿಗೆ ಹೋಯಿತು. ಸ್ನೇಹಲತಾ ಒಂದು ಪುಟ ತಪ್ಪು ಟೈಪ್ ಮಾಡಿದ್ದು ಅದೇ ಮೊದಲು.

"ಸರ್, ಆಕೆ ಸ್ವಂತ ದುಡಿದದ್ದಲ್ವಾ?" ಎಂದು ಕೇಳಿದ್ದಳು.

"ಸ್ವಂತದ್ದೇ ಕಣಮ್ಮ," ಎಂದಿದ್ದರು ಚನ್ನಬಸವಯ್ಯ. "ಗಂಡ ಇಲ್ಲ, ಮಕ್ಕಳಿಲ್ಲ, ವಿಲ್ ಇಲ್ಲ. ಅಂಥ ಹೆಂಗಸು ದುಡಿದದ್ದು ಮೊದಲು ಗಂಡನ ವಾರಸುದಾರರಿಗೇ ಹೋಗೋದು. ಎಲ್ಲರೂ ತವರಿಗೆ ಬರುತ್ತೆ ಅಂತ ತಿಳ್ಕೊಂಡು ಹಾಯಾಗಿರ್ತಾರೆ. ಒಂದು ಬಿಳಿ ಹಾಳೆ ಮೇಲೆ ಬರೆದು, ಇಬ್ಬರ ಎದುರು ಸೈನ್ ಮಾಡಿ, ಆ ಇಬ್ಬರೂ ಸೈನ್ ಹಾಕಿದ್ರೆ ಮುಗೀತಿತ್ತು. ಛಾಪಾ ಕಾಗದವೂ ಬೇಡ."

ಅಂದಿನಿಂದ ದಿನಾ ಸಂಜೆ ಮನೆಗೆ ಬಂದು ಗೇಟಿನ ಚಿಲಕ ತೆಗೆಯುವಾಗಲೇ ಅವಳು ಮಾತು ಜೋಡಿಸಿಕೊಳ್ಳುತ್ತಿದ್ದಳು. ಇವತ್ತು ಹೇಳಬೇಕು. ಆದರೆ ಇವತ್ತು ದೊಡ್ಡಮ್ಮ ಒಪ್ಪೊತ್ತು. ಇವತ್ತು ಮಂಗಳವಾರ. ಇವತ್ತು ನಗುತ್ತಾ ಇದ್ದಾರೆ, ಯಾಕೆ ಕೆಡಿಸುವುದು. ಹೇಳುವುದಾದರೂ ಹೇಗೆ? 'ದೊಡ್ಡಮ್ಮ, ನೀವು ಸತ್ತರೆ' ಎಂದು ಶುರುವಾಗುವ ಮಾತಿಗೆ ಬೇರೆ ಶುರುವೇ ಇರಲಿಲ್ಲ. ಅಷ್ಟರಲ್ಲಿ ಹೊಟ್ಟೆನೋವು, ಸ್ಕ್ಯಾನು, ಗೆಡ್ಡೆ, ಹಾಸನ.

ಬೆಳಿಗ್ಗೆ ಡಾಕ್ಟರು ಬಂದು ಹೇಳಿ ಹೋಗಿದ್ದರು. ಸಕ್ಕರೆ ಖಾಯಿಲೆ ಇದೆ, ಎದೆಯೂ ಬಲವಾಗಿಲ್ಲ, ಮಾಡದೆ ಬಿಡುವ ಹಾಗಿಲ್ಲ, ಮಾಡಿದರೆ ನೂರಕ್ಕೆ ನೂರು ಎನ್ನುವ ಹಾಗೂ ಇಲ್ಲ.

ಅವಳು ಸೀದಾ ವಾರ್ಡಿಗೆ ಬಂದಳು. ಅಮ್ಮ ಫ್ಲಾಸ್ಕ್ ಹಿಡಿದುಕೊಂಡು ಹಿಂದೆಯೇ ಬಂದಳು. ದೊಡ್ಡಮ್ಮ ದಿಂಬಿಗೆ ಒರಗಿ ಕೂತಿದ್ದಳು.

"ಏನೇ, ಒಳ್ಳೆ ಪರೀಕ್ಷೆಗೆ ಹೋಗೋಳ ಥರ ಮುಖ ಮಾಡ್ಕೊಂಡಿದ್ದೀಯ. ಕುಯ್ಯೋದು ನನ್ನನ್ನ."

"ದೊಡ್ಡಮ್ಮ, ನೀವು ಒಂದು ವಿಲ್ ಬರೀಬೇಕು."

ಪಕ್ಕದ ಮಂಚದಲ್ಲಿ ಕೊರವಂಗಲದ ಮಾಯಮ್ಮ ಎಂಬ ಮುದುಕಿ ಮಲಗಿದ್ದಳು. ಅವಳ ಮಗ ಮೋಹನ್‌ಕುಮಾರ್ ಕಿತ್ತಳೆ ಸುಲಿಯುತ್ತಿದ್ದವನು ಸುಲಿಯುವುದನ್ನು ನಿಲ್ಲಿಸಿದ.

"ಬಿಡ್ತು ಅನ್ನು," ಎಂದಳು ಅಮ್ಮ. "ಬಿಡ್ತು ಅನ್ನೇ ಮೊದ್ಲು."

"ಬಿಡ್ತು," ಎಂದಳು ಸ್ನೇಹಲತಾ. ಆದರೆ ಒಮ್ಮೆ ಹೊರಟ ಮಾತು ನಿಲ್ಲಲಿಲ್ಲ. "ಬರೀದೇ ಇದ್ರೆ ಪಟ್ಟಣದ ಮನೆ ನಮಗೆ ಬರಲ್ಲ. ಲಕ್ಕಣ್ಣನವರ ಕಡೆಗೆ ಹೋಗುತ್ತೆ. ನಾನೂ ಅಮ್ಮನೂ ಪಾತ್ರೆ ಎತ್ಕೊಂಡು ಹೊರಗೆ ನಿಲ್ಬೇಕಾಗುತ್ತೆ."

"ಯಾಕ್ ಓಯ್ತದೆ? ಅದೇನು ಅವ್ರಪ್ಪನ ಮನೆ ಗಂಟಾ? ಒಡಹುಟ್ಟಿದೋಳು ನಾನಿವ್ನಿ, ನಂಗೆ ಬಿಟ್ಟು ಅವ್ರಿಗ್ಯಾಕ್ ಓಯ್ತದೆ?"

"ಕಾನೂನಲ್ಲಿ ಹಂಗಿದೆಯಮ್ಮ. ಇಂಥದೇ ಒಂದು ಕೇಸು ನಾನೇ ಟೈಪ್ ಮಾಡಿದೆ."

"ಕಾನೂನಂತೆ. ಅಕ್ಕ ನಾಳೆ ಕುಯ್ಸ್ಕಳಕ್ಕೆ ಮಲ್ಗವ್ಳೆ, ಇವ್ಳು ಗೋಡೆ ಅಳೀತಾ ಕುಂತವ್ಳೆ."

ಸ್ನೇಹಲತಾ ದೊಡ್ಡಮ್ಮನ ಮುಖ ನೋಡಿದಳು. ಆ ಮುಖದಲ್ಲಿ ಏನೂ ಕಾಣಲಿಲ್ಲ. ದೊಡ್ಡಮ್ಮ ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. "ಫ್ಯಾನ್ ಕಮ್ಮಿ ಮಾಡು," ಎಂದಷ್ಟೇ ಹೇಳಿದಳು.

ಸಂಜೆ ನಟರಾಜ್ ಬಂದ. ಇಸ್ತ್ರಿ ಮಾಡಿದ ಬಿಳಿ ಶರಟು, ಒಂದು ಕೈಯಲ್ಲಿ ಎಳನೀರು, ಇನ್ನೊಂದರಲ್ಲಿ ದ್ರಾಕ್ಷಿ. ಬಂದವನೇ ಬಗ್ಗಿ ಕಾಲು ಮುಟ್ಟಿದ.

"ದೊಡ್ಡವ್ವ, ಗುರ್ತು ಸಿಕ್ತಾ?"

"ಮೂಗು ನಿಮ್ಮಪ್ಪಂದೇ," ಎಂದಳು ವಿಜಯಮ್ಮ. "ಅದು ನಿನಗಿಂತ ಮುಂಚೆ ಒಳಗೆ ಬಂತು."

ನಟರಾಜ್ ಜೋರಾಗಿ ನಕ್ಕ. ಮಧ್ಯಾಹ್ನದಿಂದ ಮಾತಾಡದೆ ಮಲಗಿದ್ದ ದೊಡ್ಡಮ್ಮ ಎದ್ದು ಕೂತಳು. ಊರಿನ ಒಬ್ಬೊಬ್ಬರ ಹೆಸರು ಹಿಡಿದು ವಿಚಾರಿಸಿದಳು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ ಈಗಲೂ ಕೆರೆಯ ಮಗ್ಗುಲಲ್ಲೇ ಇದೆಯಾ, ನಿಮ್ಮವ್ವ ಹೇಗಿದ್ದಾಳೆ. ಅವಳ ಕಣ್ಣಿನಲ್ಲಿ ಒಂದು ಬೆಳಕು ಕಂಡು ಸ್ನೇಹಲತಾಗೆ ಎದೆ ಚುಚ್ಚಿತು. ಕರೆಯದೇ ಹೋದ ಮನೆಯವರು ಕೊನೆಗೂ ಕರೆದರೆ ಯಾರಿಗೆ ತಾನೇ ಸಂತೋಷವಾಗುವುದಿಲ್ಲ.

ಮಾತಿನ ನಡುವೆ, ದ್ರಾಕ್ಷಿ ಗೊಂಚಲು ಬಿಡಿಸುತ್ತಾ, ನಟರಾಜ್ ಕೇಳಿದ. "ಪಟ್ಣದ ಮನೆ ಎಲ್ಲಿ ಬತ್ತದೆ ಚಿಕ್ಕವ್ವ? ಬಸ್‌ಸ್ಟ್ಯಾಂಡಿಗೆ ಅತ್ರನಾ? ಎಲ್ಲಾ ದೊಡ್ಡವ್ವನ ಎಸ್ರಿಗೇ ಐತಲ್ವಾ?"

"ಅವ್ಳ ಎಸ್ರಿಗೇ ಕಣಪ್ಪ," ಎಂದಳು ಅಮ್ಮ, ಎಳನೀರು ಲೋಟಕ್ಕೆ ಬಗ್ಗಿಸುತ್ತಾ. "ಇವ್ಳು ನೋಡು, ವಿಲ್ಲು ಗಿಲ್ಲು ಬರೀರಿ ಅಂತ ಮಧ್ಯಾನದಿಂದ ರಂಪ ಎಬ್ಬಿಸವ್ಳೆ."

ನಟರಾಜನ ಬೆರಳು ಒಂದು ಗಳಿಗೆ ದ್ರಾಕ್ಷಿಯ ಮೇಲೆ ನಿಂತಿತು. "ಬ್ಯಾಡ ದೊಡ್ಡವ್ವ. ಆಪರೇಸನ್ ಹಿಂದಿನ ದಿನ ಅದೆಲ್ಲ ಬರೀಬಾರ್ದು. ಯಮಂಗೆ ನಾವೇ ಅಡ್ರೆಸ್ ಕೊಟ್ಟಂಗೆ. ನಗ್ನಗ್ತಾ ವಾಪಸ್ ಬನ್ನಿ, ಆಮೇಲೆ ನೋಡನ."

ಹೊರಡುವಾಗ ನಟರಾಜ್ ಸ್ನೇಹಲತಾಳನ್ನು ಬಾಗಿಲಿನಾಚೆಗೆ ಕರೆದ. ಅವಳು ಹೋದಳು. ಹೋಗುವುದಿಲ್ಲ ಎನ್ನಲು ಬಂದಿದ್ದರೆ ತಾನೇ.

"ನೋಡಮ್ಮ, ನೀನು ವಕೀಲರ ಆಫೀಸಲ್ಲಿರೋಳು, ನಿಂಗೆ ಹೇಳ್ಕೊಡೋವಷ್ಟು ನಾನು ಓದಿಲ್ಲ," ಎಂದ, ದನಿ ತಗ್ಗಿಸಿ, ನಗುತ್ತಲೇ. "ನಾಳೆ ಕುಯ್ಸ್ಕಳೋ ಮುದುಕಿ ಕೈಲಿ ಇವತ್ತು ಬರೆಸ್ಕಂಡ್ರೆ ಕೋರ್ಟಲ್ಲಿ ಏನಂತಾರೆ? ಜೊತೇಲಿದ್ದೋರು ಹೆದರ್ಸಿ ಬರೆಸ್ಕಂಡ್ರು ಅಂತಾರೆ. ಮತ್ತಿನ ಇಂಜೆಕ್ಸನ್ ಕೊಟ್ಟಿದ್ರು ಅಂತಾರೆ. ನಾನಂತೀನಿ ಅಂತಲ್ಲ. ಅಪ್ಪ ಸುಮ್ಕಿರಲ್ಲ. ವರ್ಷಗಟ್ಟಲೆ ಅಲೀಬೇಕಾಯ್ತದೆ, ನೀನೂ ನಿಮ್ಮವ್ವನೂ. ನಿಂಗೂ ಮದುವೆ ಗಿದುವೆ ಆಗ್ಬೇಕಲ್ಲ."

ಸ್ನೇಹಲತಾ ತನ್ನ ಚಪ್ಪಲಿಯ ತುದಿ ನೋಡುತ್ತಾ ನಿಂತಳು. ಅವನು ಮೆಟ್ಟಿಲಿಳಿದು ಹೋದ ಎಷ್ಟೋ ಹೊತ್ತಿನ ಮೇಲೆ ಉತ್ತರಗಳು ಒಂದೊಂದಾಗಿ ಹೊಳೆದವು. ಎಲ್ಲವೂ ಒಳ್ಳೆಯ ಉತ್ತರಗಳೇ. ಕೇಳುವವನು ಇರಲಿಲ್ಲ.

ಮರುದಿನ ಬೆಳಿಗ್ಗೆ ನರ್ಸು ದೊಡ್ಡಮ್ಮನಿಗೆ ಹಸಿರು ಅಂಗಿ ತೊಡಿಸಿ, ನರೆತ ಕೂದಲನ್ನು ಎರಡು ಜಡೆ ಹಾಕಿದ್ದಳು. ಅಮ್ಮ ಕೆಳಗೆ ಔಷಧಿ ತರಲು ಹೋಗಿದ್ದಳು.

"ಬಾ ಇಲ್ಲಿ," ಎಂದಳು ದೊಡ್ಡಮ್ಮ. "ನಿನ್ನೆ ಅವನು ಆಚೆ ಕರ್ಕೊಂಡು ಹೋಗಿ ಏನಂದ?"

ಸ್ನೇಹಲತಾ ಒಂದು ಮಾತೂ ಬಿಡದೆ ಹೇಳಿದಳು. ಹೆದರಿಸಿ ಬರೆಸಿಕೊಂಡರು ಎಂಬುದು, ಮತ್ತಿನ ಇಂಜೆಕ್ಷನ್ನು, ಅಪ್ಪ ಸುಮ್ಮನಿರಲ್ಲ, ಮದುವೆ. ದೊಡ್ಡಮ್ಮ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೇಳಿಸಿಕೊಂಡಳು.

"ನಿನ್ನೆ ನಿನ್ನ ಮೇಲೆ ನನಗೆ ಕೋಪ ಬಂತು. ಸಾವಿನ ಮಾತಾಡಿದ್ದಕ್ಕಲ್ಲ. ಇಷ್ಟು ದಿನ ಗೊತ್ತಿದ್ದೂ ಈಗ ಹೇಳಿದ್ದಕ್ಕೆ. ಮೊದಲೇ ಹೇಳಿದ್ರೆ ಸೀರೆ ಉಟ್ಕೊಂಡು, ಕುರ್ಚಿ ಮೇಲೆ ಕೂತು ಬರೀತಿದ್ದೆ. ಈಗ ಈ ವೇಷದಲ್ಲಿ ಬರೀಬೇಕು." ಜಡೆಯನ್ನು ಬೆನ್ನಿಗೆ ಎಸೆದಳು. "ಅವನು ಬಂದಾಗ ಖುಷಿಯಾಯ್ತು ಕಣೇ. ಮನೆ ಎಲ್ಲಿ ಬರುತ್ತೆ ಅಂತ ಕೇಳೋವರೆಗೂ ಖುಷಿಯಾಗೇ ಇದ್ದೆ."

"ಬೇಡ ಅಂದ್ರೆ ಬಿಡಿ ದೊಡ್ಡಮ್ಮ. ಅವರು ಕೋರ್ಟಿಗೆ ಹೋಗೇ ಹೋಗ್ತಾರೆ."

"ನಮ್ಮೂರು ಹಳ್ಳಿಮೈಸೂರಲ್ಲಿ ನಮ್ಮಪ್ಪ ಊರವರ ಪಾಲು ಮಾಡ್ಸೋಕೆ ಕೂರ್ತಿದ್ರು. ಯಾವನು ಜಾಸ್ತಿ ಕೂಗಾಡ್ತಾನೋ ಅವನನ್ನೇ ಪಕ್ಕದಲ್ಲಿ ಕೂರಿಸ್ಕೊಂಡು, ಎಲೆ ಅಡಿಕೆ ಕೊಟ್ಟು, ಸಾಕ್ಷಿ ಅವನ ಕೈಲೇ ಹಾಕಿಸೋರು. ಆಮೇಲೆ ಅವನು ಯಾರ ಮುಂದೆ ಹೋಗಿ ಕೂಗಾಡ್ತಾನೆ? ನಟರಾಜ್ ಬಂದ್ನಾ?"

"ಕೆಳಗೆ ಕಾಫಿ ಕುಡೀತಿದ್ದಾರೆ."

"ಒಂದು ಬಿಳಿ ಹಾಳೆ ತಾ. ಅವನನ್ನೂ ಕರಿ."

ನಟರಾಜ್ ಬರುವಷ್ಟರಲ್ಲಿ ದೊಡ್ಡಮ್ಮ ಬರೆದು ಮುಗಿಸಿದ್ದಳು. ಬಲಗೈಗೆ ಡ್ರಿಪ್ಪಿನ ಸೂಜಿ ಇದ್ದುದರಿಂದ ಸಾಲು ಓರೆಯಾಗಿತ್ತು, ಅಕ್ಷರ ಮಾತ್ರ ಅಂಗನವಾಡಿಯ ಹಲಗೆಯ ಮೇಲೆ ಬರೆದಂತೆ ದುಂಡಗೆ. ರಕ್ತದೊತ್ತಡ ನೋಡಲು ಬಂದ ಎಳೇ ಡಾಕ್ಟರನ್ನೂ ಅವಳು ಬಿಡಲಿಲ್ಲ. "ನನ್ನ ತಲೆ ನೆಟ್ಟಗಿದೆ ಅಂತ ನಿಮ್ಮ ಶೀಟಿನಲ್ಲಿ ಒಂದು ಗೆರೆ ಬರೀರಿ."

"ಇವತ್ತು ಯಾವ ವಾರ ಹೇಳಿ," ಎಂದ ಡಾಕ್ಟರು.

"ಗುರುವಾರ. ನಿನ್ನೆ ಬುಧವಾರ ನೀವು ಗಡ್ಡ ಕೆರೆದಿರಲಿಲ್ಲ. ಇವತ್ತು ಕೆರೆದಿದ್ದೀರಿ."

ಡಾಕ್ಟರು ಗಲ್ಲ ಮುಟ್ಟಿ ನೋಡಿಕೊಂಡು, ಬರೆದು, ಮುಂದಿನ ವಾರ್ಡಿಗೆ ಹೋದ.

ಮೊದಲ ಸಾಕ್ಷಿಗೆ ಪಕ್ಕದ ಮಂಚದ ಮೋಹನ್‌ಕುಮಾರನನ್ನು ಕೇಳಿದಳು ಸ್ನೇಹಲತಾ. ಅವನು ಹಿಂದೆ ಮುಂದೆ ನೋಡಿದ. "ಕೋರ್ಟು ಕಚೇರಿ ಅಂತ ಅಲೆಸಲ್ಲ ತಾನೆ? ಆಲೂಗೆಡ್ಡೆ ಕೀಳೋ ಟೈಮು."

"ಹಾಕ್ಲಾ," ಎಂದಳು ಮಲಗಿದ್ದಲ್ಲಿಂದಲೇ ಮಾಯಮ್ಮ. "ಸೈನ್ ಕಲೀಲಿ ಅಂತ್ಲೇ ಇಸ್ಕೂಲಿಗೆ ಕಳ್ಸಿದ್ದು. ಬ್ಯಾರೆ ಯಾತಕ್ಕೂ ಬರ್ಲಿಲ್ಲ ಆ ಓದು."

ಮೋಹನ್‌ಕುಮಾರ್ ಎದ್ದು ಬಂದು ಮಂಚದ ಹತ್ತಿರ ನಿಂತ. ಔಷಧಿ ಹಿಡಿದು ಬಂದ ಅಮ್ಮ ಎಲ್ಲರ ಮುಖ ನೋಡಿ, ಚೀಲವನ್ನು ಮಂಚದ ಕೆಳಗಿಟ್ಟು ಅಕ್ಕನ ಕಾಲ ಬಳಿ ನಿಂತಳು.

"ನಟರಾಜ, ಇನ್ನೊಂದು ಸಾಕ್ಷಿ ನೀನು ಹಾಕು," ಎಂದಳು ವಿಜಯಮ್ಮ. "ಏನು ಬರೆದಿದ್ದೀನಿ ಅಂತ ಓದ್ತೀನಿ, ಕೇಳಿಸ್ಕೋ." ಓದಿದಳು. ಚನ್ನರಾಯಪಟ್ಟಣದ ಮನೆ ತಂಗಿ ನೇತ್ರಾವತಿಗೆ, ಅವಳ ನಂತರ ಅವಳ ಮಗಳು ಸ್ನೇಹಲತಾಗೆ. ಗಂಡನ ಮನೆಯವರಿಗೆ ನಾನು ಕೊಡಬೇಕಾದ್ದು ಏನೂ ಇಲ್ಲ, ಅವರಿಂದ ನನಗೆ ಬರಬೇಕಾದ್ದೂ ಏನೂ ಇಲ್ಲ. ಇದನ್ನು ಯಾರ ಬಲವಂತವೂ ಇಲ್ಲದೆ ನಾನೇ ಬರೆದಿದ್ದೇನೆ.

ನಟರಾಜನ ಮುಖದಲ್ಲಿ ನಗು ಹಾಗೇ ಅಂಟಿಕೊಂಡಿತ್ತು. "ಆಯ್ತು ಬುಡಿ ದೊಡ್ಡವ್ವ. ಆಪರೇಸನ್ ಆಗ್ಲಿ, ಹಾಕನ."

"ಎದ್ದು ಬಂದ್ರೆ ನಿನ್ನ ಕೇಳೋದೇ ಬೇಡ, ರಿಜಿಸ್ಟ್ರಾರ್ ಆಫೀಸಿಗೆ ನಾನೇ ನಡ್ಕೊಂಡು ಹೋಗ್ತೀನಿ. ಈಗ ಬೇಕಾಗಿರೋದು."

ಸ್ಟ್ರೆಚರ್ ತಳ್ಳಿಕೊಂಡು ಇಬ್ಬರು ಬಾಗಿಲಿಗೆ ಬಂದರು. "ವಿಜಯಮ್ಮ ಯಾರು? ಟೈಮಾಯ್ತು ನಡೀರಿ."

"ಒಂದ್ ಫೋನ್ ಮಾಡ್ಬುಟ್ಟು ಬತ್ತೀನಿ," ಎಂದ ನಟರಾಜ್, ಬಾಗಿಲ ಕಡೆ ಹೆಜ್ಜೆ ಹಾಕುತ್ತಾ.

ಹೋದರೆ ಇವನು ಬರುವುದಿಲ್ಲ ಎಂದು ಸ್ನೇಹಲತಾಗೆ ಗೊತ್ತಾಯಿತು. ಸ್ಟ್ರೆಚರ್ ಹೊರಡುವವರೆಗೆ ಮೆಟ್ಟಿಲ ಹತ್ತಿರ ಕಿವಿಗೆ ಫೋನ್ ಒತ್ತಿಕೊಂಡು ನಿಂತಿರುತ್ತಾನೆ, ಅಷ್ಟೆ. ವಾರ್ಡಿನಲ್ಲಿ ಉಳಿದವರೆಲ್ಲ ಆಗಲೇ ಸಾಕ್ಷಿ ಎಂಬ ಮಾತು ಕೇಳಿ ಹೊದಿಕೆ ಎಳೆದುಕೊಂಡಿದ್ದರು, ಇಲ್ಲವೇ ಕಿಟಕಿ ನೋಡುತ್ತಿದ್ದರು. ಹೇಗೆ ಹೋದಳೋ ಅವಳಿಗೇ ತಿಳಿಯದು, ಅವನಿಗಿಂತ ಮುಂಚೆ ಬಾಗಿಲಲ್ಲಿ ಹೋಗಿ ನಿಂತಿದ್ದಳು. ಸ್ಟ್ರೆಚರಿಗೂ ದಾರಿ ಇಲ್ಲ, ಅವನಿಗೂ ದಾರಿ ಇಲ್ಲ.

"ಇಲ್ಲೇ ಮಾಡಿ," ಎಂದಳು. ಅದು ವಾರ್ಡಿಗೆಲ್ಲ ಕೇಳಿಸಿತು. "ನಿಮ್ಮಪ್ಪನಿಗೆ ತಾನೇ ಮಾಡೋದು? ಇಲ್ಲೇ ಮಾಡಿ. ನಿನ್ನೆ ಬಾಗಿಲಾಚೆ ನನಗೆ ಹೇಳಿದ್ದನ್ನೂ ಇಲ್ಲೇ ಎಲ್ಲರ ಮುಂದೆ ಹೇಳಿ."

ನಟರಾಜ್ ಅವಳನ್ನು ಮೊದಲ ಸಲ ನೋಡುವವನಂತೆ ನೋಡಿದ. ಆಮೇಲೆ ನಿಂತಲ್ಲೇ ನಂಬರ್ ಒತ್ತಿದ. "ಅಪ್ಪ, ಇಲ್ಲಿ ದೊಡ್ಡವ್ವ ವಿಲ್ಲಿಗೆ ಸಾಕ್ಷಿ ಆಕು ಅಂತಾವ್ರೆ. ಮನೆ ಅವ್ರ ತಂಗಿಗಂತೆ." ಆಚೆ ಕಡೆಯ ದನಿ ಏರಿದ್ದು ಎಲ್ಲರಿಗೂ ಕೇಳಿಸಿತು, ಮಾತು ಕೇಳಿಸಲಿಲ್ಲ.

"ಇಲ್ಲಿ ಕೊಡು," ಎಂದಳು ವಿಜಯಮ್ಮ, ಸೂಜಿಯಿದ್ದ ಕೈ ಚಾಚಿ.

ನಟರಾಜ್ ಕೊಟ್ಟ.

"ಲಕ್ಕಣ್ಣ, ನಾನು ವಿಜಿ." ನಲವತ್ತು ವರ್ಷದ ಮೇಲೆ ಆ ಮನೆಯ ಯಜಮಾನನೊಡನೆ ಆಡಿದ ಮೊದಲ ಮಾತು. "ಚೆನ್ನಾಗಿದ್ದೀನಿ. ಇಲ್ಲ, ಯಾರೂ ಹೇಳ್ಕೊಟ್ಟಿಲ್ಲ. ನೀನೇ ಹೇಳ್ಕೊಟ್ಟಿದ್ದು. ಆವತ್ತು ಬಸ್ಸಿನ ಮೇಲೆ ಟ್ರಂಕ್ ಹಾಕಿ, ಕಿಟಕಿ ಹತ್ರ ಬಂದು ಏನಂದೆ? 'ಈ ಮನೇಲಿ ನಿಂದು ಅನ್ನೋದು ಏನೂ ಇಲ್ಲ ಅತ್ಗೆ' ಅಂದೆ. ನಾನು ಜಗಳ ಆಡಿದ್ನಾ? ಕೋರ್ಟಿಗೆ ಹೋದ್ನಾ? ನನ್ನ ಗಂಡನ ಪಾಲು ಕೇಳಿದ್ನಾ? ಹ್ಞೂಂ ಅಂತ ಒಪ್ಕೊಂಡು ಹೋದೆ. ಇವತ್ತು ನಾನು ಹೇಳ್ತಿದ್ದೀನಿ. ನನ್ನ ಮನೇಲಿ ನಿಂದು ಅನ್ನೋದು ಏನೂ ಇಲ್ಲ. ನೀನೂ ಒಪ್ಕೋ."

ಉತ್ತರಕ್ಕೆ ಕಾಯದೆ ಫೋನನ್ನು ನಟರಾಜನ ಕೈಗಿಟ್ಟಳು. ಅವನು ಕಿವಿಗೆ ಹಿಡಿದ. ಸ್ಟ್ರೆಚರಿನವನು ಒಮ್ಮೆ ಕೆಮ್ಮಿದ.

"ಏನಂದ್ರು?" ಎಂದಳು ಅಮ್ಮ, ತಡೆಯಲಾರದೆ.

"ಏನೂ ಅನ್ನಲಿಲ್ಲ," ಎಂದ ನಟರಾಜ್. "ಕಟ್ ಮಾಡ್ಬುಟ್ರು." ಫೋನನ್ನು ಜೇಬಿಗೆ ಹಾಕಿ ಮಂಚದ ಹತ್ತಿರ ಹೋದ. ಅವನ ಕಿವಿಯ ತುದಿ ಕೆಂಪಗಾಗಿತ್ತು. "ಟ್ರಂಕಿನ ವಿಷ್ಯ ನಂಗೆ ಗೊತ್ತಿರ್ಲಿಲ್ಲ ದೊಡ್ಡವ್ವ. ನೀವೇ ಮುನಿಸ್ಕಂಡು ಹೊಂಟೋದ್ರಿ ಅಂತ್ಲೇ ನಮಗೆಲ್ಲ ಹೇಳಿದ್ದು."

ವಿಜಯಮ್ಮ ಇಬ್ಬರ ಎದುರೂ ಸಹಿ ಮಾಡಿದಳು. ಮೋಹನ್‌ಕುಮಾರ್ ಉಸಿರು ಬಿಗಿಹಿಡಿದು ತನ್ನದನ್ನು ಹಾಕಿದ. ನಟರಾಜ್ ಪೆನ್ನು ತೆಗೆದುಕೊಂಡು ಕ್ಷಣ ಹೊತ್ತು ಹಾಳೆ ನೋಡಿದ. "ಅಪ್ಪ ಊರಿಗೆ ಸೇರಿಸ್ಕಳಲ್ಲ ನನ್ನ," ಎಂದು ತನಗೆ ತಾನೇ ಹೇಳಿಕೊಂಡು, ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಪೂರ್ತಿ ಬರೆದು ಸಹಿ ಹಾಕಿದ.

ಸ್ಟ್ರೆಚರ್ ಹೊರಟಿತು. ಅಮ್ಮ ಅದರ ಜೊತೆ ಲಿಫ್ಟಿನವರೆಗೆ ಅಳುತ್ತಾ ಓಡಿದಳು. ಸ್ನೇಹಲತಾ ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿದಳು.

ಆಪರೇಷನ್ ಥಿಯೇಟರಿನ ಹೊರಗೆ ಸಾಲುಕುರ್ಚಿ. ಅಮ್ಮ ಒಂದು ಮೂಲೆಯಲ್ಲಿ ಕಣ್ಣುಮುಚ್ಚಿ ಏನೋ ಜಪಿಸುತ್ತಾ ಕೂತಳು. ಸ್ನೇಹಲತಾ ಕೂತ ಮೇಲೆ ಒಂದು ವಿಚಿತ್ರವಾಯಿತು. ಎರಡು ತಿಂಗಳಿಂದ ದೊಡ್ಡಮ್ಮನಿಗೆ ಏನಾದರೂ ಆದರೆ ಎಂದುಕೊಂಡಾಗಲೆಲ್ಲ ಮನೆ ನೆನಪಾಗುತ್ತಿತ್ತು. ಒಳಗಿನ ಕೋಣೆ, ಗೇಟಿನ ಚಿಲಕ, ಎಲ್ಲಿ ಹೋಗುವುದು, ಎಷ್ಟು ಬಾಡಿಗೆ. ಆ ಲೆಕ್ಕ ನಾಚಿಕೆಯಾಗಿ ಒಳಗೆ ಕೂತಿತ್ತು. ನಿನ್ನೆ ಅಮ್ಮ ಗೋಡೆ ಅಳೆಯುತ್ತಿದ್ದೀಯ ಎಂದಾಗ ಅದು ಅಷ್ಟು ಚುಚ್ಚಿದ್ದು ಪೂರ್ತಿ ಸುಳ್ಳಲ್ಲದ್ದರಿಂದಲೇ. ಈಗ ಮನೆ ಎಲ್ಲೋ ದೂರ ಹೋಗಿಬಿಟ್ಟಿತ್ತು. ಉಳಿದದ್ದು ಎರಡು ಜಡೆಯ, ಹಸಿರು ಅಂಗಿಯ ದೊಡ್ಡಮ್ಮ ಒಬ್ಬಳೇ. ಅವಳು ಬದುಕಬೇಕು. ಬೇರೆ ಯಾವುದಕ್ಕೂ ಅಲ್ಲ. ಸ್ನೇಹಲತಾಗೆ ಆಗ ಅಳು ಬಂತು. ಇಷ್ಟು ದಿನ ಬಾರದೆ ಇದ್ದದ್ದೆಲ್ಲ ಒಟ್ಟಿಗೇ ಬಂತು.

ಯಾರೋ ಬಂದು ಒಂದು ಕುರ್ಚಿ ಬಿಟ್ಟು ಕೂತರು. ತಲೆಯೆತ್ತಿದಳು. ನಟರಾಜ್. ಸಹಿ ಹಾಕಿದವನು ಅಲ್ಲಿಂದಲೇ ಬಸ್ಸು ಹಿಡಿದಿರುತ್ತಾನೆ ಎಂದುಕೊಂಡಿದ್ದಳು.

"ನೀವು ಹೋಗ್ಲಿಲ್ವಾ?"

"ಎಲ್ಲಿಗೋಗ್ಲಿ? ಊರಲ್ಲಿ ಅಪ್ಪ ಕಾಯ್ತಾವ್ರೆ, ಬಡಿಗೆ ಇಡ್ಕಂಡು." ನಗಲು ನೋಡಿದ, ಆಗಲಿಲ್ಲ. ಅವನ ಫೋನು ಜೇಬಿನಲ್ಲಿ ನಡುಗುತ್ತಲೇ ಇತ್ತು. ಅವನು ತೆಗೆಯಲಿಲ್ಲ. ಒಳಗಿನಿಂದ ಒಬ್ಬ ನರ್ಸು ಓಡಿ ಬಂದು ರಕ್ತದ ಚೀಲ ತೆಗೆದುಕೊಂಡು ಓಡಿದಳು. ಅಮ್ಮನ ಜಪ ಜೋರಾಯಿತು. ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂದು, ಕುರ್ಚಿಗಳ ಕಾಲಿನವರೆಗೆ ಸರಿಯಿತು.

ಕೊನೆಗೆ ಬಾಗಿಲು ತೆರೆಯಿತು. ಮುಖದ ಬಟ್ಟೆ ಕೆಳಗಿಳಿಸುತ್ತಾ ನರ್ಸು ಹೊರಗೆ ಬಂದಳು.

"ವಿಜಯಮ್ಮನ ಮನೆಯವರು ಯಾರು? ಆಪರೇಷನ್ ಮುಗೀತು. ಉಸಿರಾಡ್ತಿದ್ದಾರೆ, ಎಚ್ಚರ ಬಂದಿಲ್ಲ. ಒಬ್ಬರು ಬಂದು ನೋಡಬಹುದು."

ಸ್ನೇಹಲತಾ ಎದ್ದಳು. ಅದೇ ಹೊತ್ತಿಗೆ ನಟರಾಜನೂ ಎದ್ದಿದ್ದ. ನರ್ಸು ಇಬ್ಬರನ್ನೂ ನೋಡಿದಳು.

ನಟರಾಜ್ ಕೂತುಕೊಂಡ.